ಹ್ಯೂಬರ್ಟ್ ಸೆಸಿಲ್ ಬೂತ್

ಬೆಳಗಿನಲ್ಲಿ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮುಂಚಿತವಾಗಿ ಶಾಲೆಗೆ ಬರುವ ವಿದ್ಯಾರ್ಥಿಗಳು ಒಂದು ನೋಟವನ್ನು ಕಂಡಿರಬಹುದು. ಜವಾನನು ತರಗತಿಯನ್ನು ಗುಡಿಸುತ್ತಿರುತ್ತಾನೆ; ಕಿಟಕಿಯಿಂದ ಬಿಸಿಲಕೋಲೊಂದು ಒಳಕ್ಕೆ ಬಿದ್ದಿರುತ್ತದೆ; ಆ ಬಿಸಿಲಕೋಲಿನಲ್ಲಿ ಅಸಂಖ್ಯಾತ ಕಣಗಳು ಮೇಲೆ ಕೆಳಗೆ ಸುಳಿದಾಡುತ್ತಿರುತ್ತವೆ. ಪ್ರಾರ್ಥನೆ ಮುಗಿದು ಹಾಜರಿ ಕರೆಯುವ ಹೊತ್ತಿಗೆ ಅವೇ ಕಣಗಳು ಮೇಜುಗಳ ಮೇಲೆಯೂ ಪುಸ್ತಕಗಳ ಮೇಲೆಯೂ ಇಳಿದು ಕುಳಿತಿರುತ್ತವೆ. ಕಸವು ಹೊರಗೆ ಹೋಯಿತು. ಧೂಳು ಹೋಗಲಿಲ್ಲ, ಸ್ಥಳವನ್ನು ಮಾತ್ರ ಬದಲಿಸಿತು. ನಮ್ಮ ಊರುಗಳ ಅಜ್ಜಿಯರು ಇದನ್ನು ಚೆನ್ನಾಗಿ ಬಲ್ಲವರು. ಆದುದರಿಂದಲೇ ಅವರು ನೀರು ಚಿಮುಕಿಸದೆ ಅಂಗಳಕ್ಕೆ ಪೊರಕೆಯನ್ನು ಇಡುತ್ತಿರಲಿಲ್ಲ. ಒದ್ದೆಯಾದ ಧೂಳು ಹಾರುವುದಿಲ್ಲವಷ್ಟೆ.

ಮಣ್ಣಿನ ಅಂಗಳಕ್ಕೆ ಈ ಉಪಾಯವು ಸಾಕು. ಆದರೆ ಚಳಿದೇಶಗಳಲ್ಲಿ ನೆಲವು ಕಾಲಿಗೆ ತಣ್ಣಗೆ ತಾಗಬಾರದೆಂದು ದಪ್ಪನೆಯ ಉಣ್ಣೆಯ ರತ್ನಗಂಬಳಿಗಳನ್ನು ಹಾಸುವರು. ಅವುಗಳಿಗೆ ನೀರು ಚಿಮುಕಿಸುವಂತಿಲ್ಲ. ಗುಡಿಸಿದರೆ ಧೂಳು ನೂಲಿನ ಆಳಕ್ಕೆ ಇಳಿಯುವುದು, ಇಲ್ಲವೆ ಗಾಳಿಗೆ ಏರುವುದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಥಿತಿವಂತರ ಮನೆಗಳಲ್ಲಿ ಆಳುಗಳು ಭಾರವಾದ ರತ್ನಗಂಬಳಿಗಳನ್ನು ಎತ್ತಿ ಹೊರಗೆ ಒಯ್ದು, ಹಗ್ಗದ ಮೇಲೆ ಹಾಕಿ, ಬೆತ್ತಗಳಿಂದ ಬಡಿಯುತ್ತಿದ್ದರು. ಹೊಡೆಯುವವರ ಎದೆಗೂಡಿಗೆ ಎಷ್ಟು ಧೂಳು ಹೋಗುತ್ತಿದ್ದಿತೆಂಬುದನ್ನು ಕೇಳುವವರು ಇರಲಿಲ್ಲ. ಈ ಧೂಳನ್ನು ಹಾರಿಸದೆ ಹಿಡಿದು ಮನೆಯ ಹೊರಕ್ಕೆ ಸಾಗಿಸುವ ದಾರಿಯನ್ನು ಕಂಡುಕೊಂಡವನೇ ಹ್ಯೂಬರ್ಟ್ ಸೆಸಿಲ್ ಬೂತ್.

ಬೂತನು ೧೮೭೧ನೆಯ ಇಸವಿ ಜುಲೈ ೪ರಂದು ಇಂಗ್ಲೆಂಡಿನ ಗ್ಲಾಸ್ಟರ್ ನಗರದಲ್ಲಿ ಜನಿಸಿದನು. ಶಾಲೆಯ ವಿದ್ಯಾಭ್ಯಾಸವನ್ನು ಅಲ್ಲಿಯೇ ಮುಗಿಸಿ ೧೮೮೯ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿದ್ದ ಸೆಂಟ್ರಲ್ ಟೆಕ್ನಿಕಲ್ ಕಾಲೇಜನ್ನು ಸೇರಿ, ಅಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಇಂಜಿನಿಯರಿಂಗನ್ನು ಕಲಿತನು. ೧೮೯೨ರ ಕೊನೆಯಲ್ಲಿ ಮಾಡ್ಸ್ಲೆ, ಸನ್ಸ್ ಅಂಡ್ ಫೀಲ್ಡ್ ಎಂಬ ಹೆಸರಾಂತ ಯಂತ್ರಶಾಲೆಯ ನಕ್ಷೆ ವಿಭಾಗದಲ್ಲಿ ಅವನಿಗೆ ಕೆಲಸ ದೊರೆಯಿತು. ಅಲ್ಲಿ ಮೊದಲು ಯುದ್ಧನೌಕೆಗಳ ಎಂಜಿನುಗಳ ಕೆಲಸ; ಬಳಿಕ ಯಾರೂ ಎಣಿಸದ ಮತ್ತೊಂದು ಕೆಲಸ ಅವನ ಪಾಲಿಗೆ ಬಂದಿತು. ಜಾತ್ರೆಗಳಲ್ಲಿ ನಾವು ಏರುವ ತೊಟ್ಟಿಲುಚಕ್ರವನ್ನು ಅರಮನೆಗಿಂತ ಎತ್ತರವಾಗಿ ಉಕ್ಕಿನಲ್ಲಿ ಕಟ್ಟುವ ಹುಚ್ಚು ಆಗ ಯೂರೋಪಿನಲ್ಲಿ ಹಬ್ಬಿದ್ದಿತು. ಬ್ಲ್ಯಾಕ್‌ಪೂಲ್, ವಿಯೆನ್ನಾ, ಪ್ಯಾರಿಸ್ ನಗರಗಳಲ್ಲಿ ಎದ್ದ ಅಂತಹ ಮಹಾಚಕ್ರಗಳ ರಚನೆಯಲ್ಲಿ ಬೂತನ ಕೈವಾಡವಿದ್ದಿತು. ಧೂಳಿನ ಗೊಡವೆಗೆ ಬಂದವನು ಮನೆಗೆಲಸದಲ್ಲಿ ನುರಿತವನಲ್ಲ, ನೂರಾರು ಟನ್ ಉಕ್ಕಿನ ಭಾರವನ್ನು ಲೆಕ್ಕ ಹಾಕುತ್ತಿದ್ದವನು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

೧೯೦೧ರಲ್ಲಿ, ಮೂವತ್ತು ತುಂಬುವ ವರ್ಷ, ಬೂತನು ಸ್ವತಂತ್ರನಾಗಿ ಸಲಹೆಗಾರ ಇಂಜಿನಿಯರ್ ವೃತ್ತಿಯನ್ನು ಆರಂಭಿಸಿದನು. ಆ ಸಮಯದಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲಿನಲ್ಲಿ ಅಮೆರಿಕದವನೊಬ್ಬನು ಹೊಸ ಶುದ್ಧೀಕರಣ ಯಂತ್ರವೊಂದನ್ನು ಪ್ರದರ್ಶಿಸಿದನು. ಆ ಯಂತ್ರವು ಒತ್ತಿ ತುಂಬಿದ ಗಾಳಿಯನ್ನು ರತ್ನಗಂಬಳಿಯೊಳಕ್ಕೆ ರಭಸದಿಂದ ಊದುತ್ತಿದ್ದಿತು. ಎದ್ದ ಧೂಳು ಮೇಲಿನ ಪೆಟ್ಟಿಗೆಯಲ್ಲಿ ಹೋಗಿ ಬೀಳಬೇಕೆಂಬುದು ಅದರ ಕರ್ತನ ಆಸೆ. ಸ್ವಲ್ಪ ಭಾಗ ಪೆಟ್ಟಿಗೆಗೆ ಹೋಯಿತು. ಉಳಿದುದು ಸುತ್ತಲೂ ಹಾರಿ ಮತ್ತೆ ಅಲ್ಲಿಯೇ ಬಿದ್ದಿತು. ಪ್ರದರ್ಶನ ಮುಗಿದ ಮೇಲೆ ಬೂತನು ಆ ಯಂತ್ರಕಾರನ ಬಳಿಗೆ ಹೋಗಿ, ಊದುವುದಕ್ಕೆ ಬದಲಾಗಿ ಧೂಳನ್ನು ಹೀರಬಾರದೇಕೆಂದು ವಿಚಾರಿಸಿದನು. ಯಂತ್ರಕಾರನಿಗೆ ಆ ಪ್ರಶ್ನೆ ರುಚಿಸಲಿಲ್ಲ. ಅದು ಸಾಧ್ಯವಿಲ್ಲ, ಅನೇಕರು ಪ್ರಯತ್ನಿಸಿ ಸೋತಿದ್ದಾರೆ ಎಂದು ಹೇಳಿ ಅವನು ಅಲ್ಲಿಂದ ಹೊರಟುಹೋದನೆಂದು ತಿಳಿದುಬರುತ್ತದೆ.

ಬೂತನು ಆ ಮಾತನ್ನು ನಂಬದೆ ಕೆಲವು ದಿನ ಅದನ್ನೇ ಯೋಚಿಸಿದನು. ಅನಂತರ ವಿಕ್ಟೋರಿಯಾ ಬೀದಿಯ ಉಪಾಹಾರಗೃಹವೊಂದರಲ್ಲಿ ಕುಳಿತಿದ್ದಾಗ, ಮಖಮಲ್ಲಿನ ಕುರ್ಚಿಯ ಬೆನ್ನಿಗೆ ಬಾಯಿಟ್ಟು ಬಲವಾಗಿ ಉಸಿರನ್ನು ಎಳೆದುಕೊಂಡನು. ಗಂಟಲಿಗೆ ಧೂಳು ನುಗ್ಗಿ ಉಸಿರು ಕಟ್ಟಿದಂತಾಯಿತು. ಆದರೆ ಉತ್ತರವೂ ದೊರೆಯಿತು. ಈ ಕಥೆಯನ್ನು ಇನ್ನೊಂದು ಬಗೆಯಲ್ಲಿಯೂ ಹೇಳುವುದುಂಟು. ಕುರ್ಚಿಯ ಮೇಲೆ ಕೈವಸ್ತ್ರವನ್ನು ಹಾಸಿ ಅದರ ಮೂಲಕ ಗಾಳಿಯನ್ನು ಹೀರಿ, ಕೈವಸ್ತ್ರದ ಅಡಿಯ ಮಗ್ಗುಲಿನಲ್ಲಿ ಮೂಡಿದ ಕಪ್ಪು ಕಲೆಯನ್ನು ಅವನು ನೋಡಿದನೆಂದು. ಯಂತ್ರದ ದೃಷ್ಟಿಯಿಂದ ಕೈವಸ್ತ್ರದ ಕಥೆಯೇ ಹೆಚ್ಚು ಅರ್ಥವುಳ್ಳದ್ದು. ಏಕೆಂದರೆ ಹೀರುವುದು ಅರ್ಧ ಕೆಲಸ ಮಾತ್ರ. ಹೀರಿದ ಗಾಳಿಯು ಬಟ್ಟೆಯ ಮೂಲಕ ಹಾದುಹೋಗಬೇಕು, ಧೂಳು ಹಿಂದೆ ನಿಲ್ಲಬೇಕು. ಊದುವ ಯಂತ್ರಕ್ಕೆ ಇದು ಎಂದಿಗೂ ಸಾಧ್ಯವಾಗದು. ಊದಿದ ಗಾಳಿ ತಾನು ಬಯಸಿದ ಕಡೆಗೆ ಹರಿಯುವುದು, ಹೀರಿದ ಗಾಳಿಯಾದರೋ ನಾವು ಇಟ್ಟ ಕೊಳವೆಯೊಂದರಲ್ಲಿಯೇ ಬರಬೇಕು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ನಾವು ಎಳನೀರಿಗೆ ಕೊಳವೆ ಇಟ್ಟು ಹೀರುವಾಗ ನೀರನ್ನು ಬಾಯಿ ಎಳೆಯುತ್ತದೆಂದು ತಿಳಿಯುತ್ತೇವೆ. ನಿಜವಾಗಿ ಬಾಯಿಯು ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸುತ್ತದೆ ಅಷ್ಟೆ. ಹೊರಗಿನ ವಾಯುಮಂಡಲದ ಒತ್ತಡವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಬೂತನ ಯಂತ್ರವೂ ಹೀಗೆಯೇ. ಪಂಪು ಕೊಳವೆಯಲ್ಲಿ ಗಾಳಿಯನ್ನು ತೆಳುವಾಗಿಸುವುದು. ಕೋಣೆಯ ಗಾಳಿ ಆ ತೆರಪಿಗೆ ನುಗ್ಗುವುದು. ನುಗ್ಗುವಾಗ ರತ್ನಗಂಬಳಿಯ ನೂಲುಗಳ ನಡುವಿನ ಧೂಳನ್ನು ಹೊತ್ತುಕೊಂಡು ಬರುವುದು. ಧೂಳು ಮೇಲೇಳಬೇಕಾದರೆ ಒತ್ತಡದ ವ್ಯತ್ಯಾಸ ಮಾತ್ರ ಸಾಲದು, ಹರಿಯುವ ಗಾಳಿಯೂ ಬೇಕೆಂಬುದನ್ನು ನೆನಪಿನಲ್ಲಿಡಿರಿ. ಮುಂದೆ ಈ ಮಾತು ಮತ್ತೆ ಬರುವುದು.

ಅದೇ ೧೯೦೧ರಲ್ಲಿ ಬೂತನು ತನ್ನ ಯಂತ್ರಕ್ಕೆ ಪೇಟೆಂಟು ಪಡೆದನು. ಮರುವರ್ಷ ಬ್ರಿಟಿಷ್ ವ್ಯಾಕ್ಯೂಮ್ ಕ್ಲೀನರ್ ಕಂಪೆನಿ ಸ್ಥಾಪಿತವಾಯಿತು. ಇಂದು ಒಂದು ಕೈಯಲ್ಲಿ ಎತ್ತಬಹುದಾದ ವಸ್ತುವನ್ನು ಕಂಡಿರುವ ನಮಗೆ ಅಂದಿನ ಯಂತ್ರವು ನಗೆಯನ್ನು ತರಿಸೀತು. ಅದೊಂದು ಕುದುರೆಗಾಡಿ. ಕೆಂಪು ಬಣ್ಣ ಬಳಿದ ಆ ಗಾಡಿಯ ಮೇಲೆ ಪೆಟ್ರೋಲ್ ಎಂಜಿನು, ಅದರಿಂದ ನಡೆಯುವ ಪಿಸ್ಟನ್ ಪಂಪು, ಧೂಳನ್ನು ಸೋಸುವ ಬಟ್ಟೆಯ ಶೋಧಕ ಇವಿಷ್ಟು ಇದ್ದವು. ವಿದ್ಯುತ್ತಿನಿಂದ ನಡೆಯುವ ಮಾದರಿಯೂ ಇದ್ದಿತು. ಗಾಡಿಯು ಬೀದಿಯಲ್ಲಿ ನಿಲ್ಲುವುದು. ಸಮವಸ್ತ್ರ ತೊಟ್ಟ ಕೆಲಸಗಾರರು ಉದ್ದವಾದ ಕೊಳವೆಗಳನ್ನು ಕಿಟಕಿಗಳ ಮೂಲಕ ಒಳಕ್ಕೆ ಎಳೆದುಕೊಂಡು ಹೋಗುವರು. ಧೂಳು ಬೀದಿಗೆ ಬರುವುದು. ಯಂತ್ರದ ಗದ್ದಲಕ್ಕೆ ಜನರು ಅದನ್ನು ಪಫಿಂಗ್ ಬಿಲ್ಲಿ ಎಂದು ಕರೆಯುತ್ತಿದ್ದರು. ಶ್ರೀಮಂತ ಗೃಹಿಣಿಯರು ಗೆಳತಿಯರನ್ನು ಚಹಾಕ್ಕೆ ಕರೆದು, ತಮ್ಮ ಮನೆಯ ಧೂಳು ಹೊರಡುವುದನ್ನು ತೋರಿಸುವ ವಾಡಿಕೆ ಬೆಳೆಯಿತು. ಅದಕ್ಕಾಗಿ ಕೊಳವೆಯ ಒಂದು ಭಾಗವನ್ನು ಪಾರದರ್ಶಕವಾಗಿ ಮಾಡಿದ್ದರು. ತಮ್ಮ ಮನೆಯ ಕೊಳೆಯನ್ನು ನೆಂಟರಿಗೆ ತೋರಿಸುವುದು ಪ್ರತಿಷ್ಠೆಯಾದ ಸಂದರ್ಭ ಪ್ರಪಂಚದ ಚರಿತ್ರೆಯಲ್ಲಿ ಮತ್ತೊಂದು ಇದ್ದೀತೆಂದು ನಾನು ತಿಳಿಯೆ.

ಕಷ್ಟಗಳೂ ಬೆನ್ನು ಹತ್ತಿದವು. ಎಂಜಿನಿನ ಸದ್ದಿಗೆ ಬಾಡಿಗೆ ಗಾಡಿಗಳ ಕುದುರೆಗಳು ಬೆದರುತ್ತವೆಂದು ಗಾಡಿಯವರು ದಾವೆ ಹೂಡಿದರು. ಸಾರ್ವಜನಿಕ ಬೀದಿಯಲ್ಲಿ ಯಂತ್ರವನ್ನು ನಿಲ್ಲಿಸಿ ನಡೆಸುವ ಹಕ್ಕು ಇಲ್ಲವೆಂದು ಪೋಲೀಸರು ಆಕ್ಷೇಪಿಸಿದರು. ಕೊನೆಗೆ ನ್ಯಾಯಾಸ್ಥಾನವೇ ಬೂತನ ಹಕ್ಕನ್ನು ಎತ್ತಿಹಿಡಿಯಬೇಕಾಯಿತು. ಸರ್ಕಾರದ ಟಂಕಸಾಲೆಯನ್ನು ಶುದ್ಧಿಮಾಡಿ ಹಿಂದಿರುಗುತ್ತಿದ್ದಾಗ, ಧೂಳಿನೊಡನೆ ಬೆಳ್ಳಿಯ ಪುಡಿಯನ್ನೂ ಹೊತ್ತೊಯ್ಯುತ್ತಿರುವರೆಂದು ಗಾಡಿಯನ್ನು ಪೋಲೀಸರು ತಡೆದರೆಂಬ ಕಥೆಯೂ ಪ್ರಚಾರದಲ್ಲಿದೆ.

ಬೂತನ ಅದೃಷ್ಟ ತೆರೆದುದು ೧೯೦೨ರಲ್ಲಿ. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಾಸಿದ ರತ್ನಗಂಬಳಿಗಳು ಕೊಳೆಯಾಗಿದ್ದುವು. ಎತ್ತಿ ಬಡಿಯುವುದಕ್ಕೆ ಸಮಯವಿರಲಿಲ್ಲ. ಬೂತನ ಯಂತ್ರವು ಅವುಗಳನ್ನು ಹಾಸಿದಲ್ಲಿಯೇ ಶುದ್ಧಿಗೊಳಿಸಿತು. ಸುದ್ದಿಯನ್ನು ಕೇಳಿದ ದೊರೆಯು ಅರಮನೆಯಲ್ಲಿ ಪ್ರದರ್ಶನವನ್ನು ಏರ್ಪಡಿಸಿ ನೋಡಿ, ಬಕಿಂಗ್‌ಹ್ಯಾಮ್ ಅರಮನೆಗೊಂದು, ವಿಂಡ್ಸರ್ ಕೋಟೆಗೊಂದು ಯಂತ್ರವನ್ನು ಕೊಂಡನು. ದೊರೆಯು ಕೊಂಡಮೇಲೆ ಉಳಿದವರು ಕೊಳ್ಳದಿರುವರೆ?

ಅರಮನೆಯಂತಹ ಕಟ್ಟಡಕ್ಕೆ ಬೀದಿಯ ಗಾಡಿ ಒಪ್ಪುವುದಿಲ್ಲ. ಯಂತ್ರವನ್ನು ಕಟ್ಟಡದ ನೆಲಮಾಳಿಗೆಯಲ್ಲಿ ಸ್ಥಿರವಾಗಿ ನೆಲೆಗೊಳಿಸಿ, ಅಲ್ಲಿಂದ ಗೋಡೆಗಳ ಒಳಗೆ ಕೊಳವೆಗಳನ್ನು ಎಳೆದು, ಕೋಣೆಕೋಣೆಗೂ ಒಂದು ಬಾಯಿಯನ್ನು ಇಡುವುದು ಮುಂದಿನ ಹೆಜ್ಜೆ. ಬೇಕಾದಾಗ ಕೈಕೊಳವೆಯನ್ನು ಆ ಬಾಯಿಗೆ ಸಿಕ್ಕಿಸಿದರಾಯಿತು. ದೊಡ್ಡ ಮಹಲುಗಳಿಗೂ ಹೋಟೆಲುಗಳಿಗೂ ಬೂತನ ಕಂಪೆನಿಯು ಇಂತಹ ಸ್ಥಿರಯಂತ್ರಗಳನ್ನು ಒದಗಿಸಿತು. ಅಮೆರಿಕದಲ್ಲಿ ಡೇವಿಡ್ ಕೆನಿ ಎಂಬ ಕೊಳಾಯಿ ಕೆಲಸದವನು ಅದೇ ೧೯೦೨ರಲ್ಲಿ ಪಿಟ್ಸ್‌ಬರ್ಗಿನ ಫ್ರಿಕ್ ಕಟ್ಟಡದಲ್ಲಿ ಉಗಿಯಿಂದ ನಡೆಯುವ ಇಂತಹುದೇ ವ್ಯವಸ್ಥೆಯನ್ನು ಕೂಡಿಸಿದನು. ಕೊಳಾಯಿಯವನಿಗೆ ಗೋಡೆಯೊಳಗೆ ಕೊಳವೆ ಹಾಯಿಸುವ ವಿಚಾರ ಹೊಳೆದುದರಲ್ಲಿ ಆಶ್ಚರ್ಯವೇನು!

ಆದರೆ ಸಾಧಾರಣ ಕುಟುಂಬಕ್ಕೆ ಇವಾವುವೂ ಎಟುಕುವಂತಿರಲಿಲ್ಲ. ಬೂತನ ಕಂಪೆನಿಯು ೧೯೦೬ರಲ್ಲಿ ಟ್ರಾಲಿ-ವ್ಯಾಕ್ ಎಂಬ ವಿದ್ಯುತ್ ಯಂತ್ರವನ್ನು ಮನೆಗಳಿಗಾಗಿ ಮಾಡಿತಾದರೂ ಅದು ಬಹು ಭಾರ, ಬೆಲೆಯೂ ಹೆಚ್ಚು. ಈ ತೊಡಕನ್ನು ಬಿಡಿಸಿದವನು ಅಮೆರಿಕದ ಒಹಾಯೊ ಪ್ರಾಂತದ ಕ್ಯಾಂಟನ್ ನಗರದಲ್ಲಿ ಅಂಗಡಿಯೊಂದನ್ನು ಗುಡಿಸುತ್ತಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಅವನಿಗೆ ಉಬ್ಬಸ ರೋಗ. ಗುಡಿಸಿದಾಗ ಏಳುವ ಧೂಳು ಅವನ ಪಾಲಿಗೆ ಪ್ರಾಣಸಂಕಟ. ಆದುದರಿಂದ ಚಿಕ್ಕ ವಿದ್ಯುತ್ ಮೋಟಾರು, ಫ್ಯಾನು, ಉರುಳುವ ಕುಂಚ, ಬಟ್ಟೆಯ ಚೀಲ ಇವುಗಳನ್ನು ಜೋಡಿಸಿ ಹಿಡಿಕೆಯುಳ್ಳ ಯಂತ್ರವೊಂದನ್ನು ರಚಿಸಿ ೧೯೦೮ರಲ್ಲಿ ಪೇಟೆಂಟು ಪಡೆದನು. ಅದನ್ನು ತಯಾರಿಸಲು ಮುಂದೆ ಬಂದವರು ಹೂವರ್ ಮನೆತನದವರು. ಕಾಲಕ್ರಮದಲ್ಲಿ ಆಂಗ್ಲರು ಈ ಕೆಲಸಕ್ಕೆ ಹೂವರ್ ಮಾಡುವುದು ಎಂದೇ ಹೆಸರಿಟ್ಟರು. ಬೂತನ ಸ್ವದೇಶದಲ್ಲಿಯೇ ಬೂತನ ಹೆಸರು ಹಿಂದೆ ಸರಿಯಿತು. ವ್ಯಾಕ್ಯೂಮ್ ಕ್ಲೀನರ್ ಎಂಬ ಪದವನ್ನಾದರೂ ತನ್ನದಾಗಿ ಉಳಿಸಿಕೊಳ್ಳಬೇಕೆಂದು ಅವನ ಕಂಪೆನಿಯು ಪ್ರತಿಸ್ಪರ್ಧಿಯೊಂದರ ಮೇಲೆ ದಾವೆ ಹೂಡಿದ್ದಿತು. ಆ ಪದಗಳು ವಸ್ತುವನ್ನು ವರ್ಣಿಸುವ ಸಾಮಾನ್ಯ ಪದಗಳು, ಒಬ್ಬರ ಸ್ವತ್ತಲ್ಲವೆಂದು ೧೯೦೭ರಲ್ಲಿ ತೀರ್ಪಾಯಿತು. ತೀರ್ಪು ನ್ಯಾಯವಾದುದೇ, ಆದರೂ ಓದುವಾಗ ಬೂತನ ಕುರಿತು ಮರುಕ ಹುಟ್ಟುತ್ತದೆ.

ಹಾಗೆಂದು ಬೂತನ ವಿಚಾರವು ಸೋತಿತೆಂದು ತಿಳಿಯಬಾರದು. ಸ್ಪ್ಯಾಂಗ್ಲರನ ಯಂತ್ರವು ಅಗ್ಗವೂ ಹಗುರವೂ ಹೌದು. ಆದರೆ ಅದು ಕೋಣೆಯಲ್ಲಿ ಹೀರಿದ ಗಾಳಿಯನ್ನು ಕೋಣೆಗೇ ಬಿಡುತ್ತಿದ್ದಿತು. ಬಟ್ಟೆಯ ಚೀಲದ ಸಂದುಗಳಿಗಿಂತ ಸಣ್ಣದಾದ ಧೂಳು ಗಾಳಿಯ ಜೊತೆಗೆ ಹಿಂದಿರುಗುವುದು. ಸದ್ದೂ ಕಿವಿಯ ಬಳಿಯಲ್ಲಿಯೇ. ಬೂತನ ಗಾಡಿಯಲ್ಲಾದರೋ ಯಂತ್ರವೂ ಸದ್ದೂ ಧೂಳೂ ಮನೆಯ ಹೊರಗೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಗುರವಾದ ಪ್ಲಾಸ್ಟಿಕ್ ಕೊಳವೆಗಳು ದೊರೆಯತೊಡಗಿದ ಮೇಲೆ, ಮರದ ಚೌಕಟ್ಟಿನ ಟೊಳ್ಳುಗೋಡೆಗಳ ಮನೆಗಳು ಹೆಚ್ಚಾಗಿರುವ ಉತ್ತರ ಅಮೆರಿಕದಲ್ಲಿ ಆ ಸ್ಥಿರಯಂತ್ರವು ಸಾಧಾರಣ ಗೃಹಸ್ಥನ ಮನೆಗೂ ಬಂದಿತು. ಇದನ್ನೇ ಈಗ ಸೆಂಟ್ರಲ್ ವ್ಯಾಕ್ಯೂಮ್ ಎನ್ನುವರು. ನಮ್ಮ ನಗರಗಳ ಎರಡು ಕೋಣೆಗಳ, ಫರಸಿ ನೆಲದ ಮನೆಗಳಿಗೆ ಪೊರಕೆಯೂ ಒದ್ದೆ ಬಟ್ಟೆಯೂ ಸಾಲುವುದರಿಂದ ನಮ್ಮಲ್ಲಿ ಅದು ಅಷ್ಟಾಗಿ ಕಾಣಬರುವುದಿಲ್ಲ.

ಬೂತನ ಪಿಸ್ಟನ್ ಪಂಪಿನ ಸ್ಥಾನದಲ್ಲಿ ಈಗ ವಿದ್ಯುತ್ ಮೋಟಾರಿನ ಅಚ್ಚಿಗೆ ಜೋಡಿಸಿದ ಫ್ಯಾನುಗಳಿವೆ. ನಿಮಿಷಕ್ಕೆ ೨೦,೦೦೦ದ ಆಸುಪಾಸಿನಲ್ಲಿ ಅವು ಸುತ್ತುತ್ತವೆ. ಒಂದರ ಹಿಂದೆ ಒಂದರಂತೆ ಎರಡು ಮೂರು ಫ್ಯಾನುಗಳನ್ನು ಕೂಡಿಸಿದರೆ ಒಂದು ಎಳೆದ ಗಾಳಿಯನ್ನು ಮತ್ತೊಂದು ಇನ್ನಷ್ಟು ಒತ್ತುವುದರಿಂದ ಹೀರುವ ಬಲ ಹೆಚ್ಚುವುದು. ಉದ್ದವಾದ ಕೊಳವೆಗಳಲ್ಲಿ ಗಾಳಿಯು ತಿಕ್ಕಾಟದಿಂದ ಬಲಗುಂದುವುದರಿಂದ ಸ್ಥಿರಯಂತ್ರಕ್ಕೆ ಈ ಬಲವು ಅವಶ್ಯಕ. ಆದರೆ ಮೊದಲು ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು. ಕೊಳವೆಯ ಬಾಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದಾಗ ಹೀರುವ ಬಲವು ಅತ್ಯಧಿಕ, ಗಾಳಿಯ ಹರಿವು ಸೊನ್ನೆ; ಪೂರ್ತಿ ತೆರೆದಾಗ ಹರಿವು ಅತ್ಯಧಿಕ, ಬಲ ಅತ್ಯಲ್ಪ. ಧೂಳನ್ನು ತೆಗೆಯುವ ಕೆಲಸ ನಡೆಯುವುದು ಇವೆರಡರ ನಡುವಿನಲ್ಲಿ. ಅಂಗಡಿಯವನು ಇವುಗಳಲ್ಲಿ ಒಂದೇ ಅಂಕಿಯನ್ನು ತೋರಿಸಿ ಹೊಗಳಿದರೆ ನಂಬುವುದು ಜಾಣತನವಲ್ಲ. ಇನ್ನೊಂದು ವಿನೋದ: ಬಾಯಿ ಮುಚ್ಚಿದೊಡನೆ ಮೋಟಾರಿನ ಸ್ವರ ಏರುವುದನ್ನು ಕೇಳಿ, ಪಾಪ, ಅದಕ್ಕೆ ಕಷ್ಟವಾಯಿತೆಂದು ಎಲ್ಲರೂ ಎಣಿಸುವರು. ವಿಷಯ ತಿರುಗುಮುರುಗು. ಸಾಗಿಸಬೇಕಾದ ಗಾಳಿಯೇ ಇಲ್ಲದೆ ಹೊರೆ ಹಗುರಾದುದರಿಂದ ಅದು ಬೇಗಬೇಗ ತಿರುಗುತ್ತಿರುತ್ತದೆ.

ಹಾಗಿದ್ದರೂ ಅದರಲ್ಲಿ ಅಪಾಯವಿಲ್ಲದೆ ಇಲ್ಲ. ಮೋಟಾರು ತಿರುಗುವಾಗ ಕಾಯುತ್ತದೆ. ಅದನ್ನು ತಣಿಸಲು ಗಾಳಿ ಬೇಕು. ಕೆಲವು ಮೋಟಾರುಗಳಲ್ಲಿ ಹೀರಿ ತಂದ ಗಾಳಿಯನ್ನೇ ಸೋಸಿದ ಮೇಲೆ ಮೋಟಾರಿನ ತಂತಿಸುರುಳಿಗಳ ಮೇಲೆ ಹಾಯಿಸಿ ಹೊರಕ್ಕೆ ಬಿಡುವರು. ಇವು ಥ್ರೂ-ಫ್ಲೋ ಮೋಟಾರುಗಳು. ರಚನೆ ಸರಳ, ಬೆಲೆ ಕಡಮೆ. ಆದರೆ ಕೊಳವೆ ಕಟ್ಟಿಕೊಂಡರೆ ತಣಿಸುವ ಗಾಳಿಯೂ ನಿಲ್ಲುವುದು. ಶೋಧಕವು ಹರಿದರೆ ಧೂಳು ನೇರವಾಗಿ ಮೋಟಾರಿನ ಹೊಟ್ಟೆಗೇ ಹೋಗುವುದು. ತೇವವಾದ ಗಾಳಿ ಬಂದರಂತೂ ಇನ್ನೂ ಕೆಡಕು. ಇನ್ನು ಕೆಲವು ಬೈಪಾಸ್ ಮೋಟಾರುಗಳು. ಇವುಗಳಲ್ಲಿ ಕೊಳೆಗಾಳಿಯ ದಾರಿಯೇ ಬೇರೆ, ಮೋಟಾರನ್ನು ತಣಿಸುವ ಗಾಳಿಯ ದಾರಿಯೇ ಬೇರೆ. ತಣಿಸುವುದಕ್ಕೆಂದೇ ಒಂದು ಚಿಕ್ಕ ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀರಿದ ಗಾಳಿಯು ಫ್ಯಾನಿನ ಸುತ್ತಲಂಚಿನಿಂದ ಚದರಿ ಹೊರಡುವುದು ಒಂದು ಬಗೆ; ಪಕ್ಕಕ್ಕೆ ಚಾಚಿದ ಕೊಂಬಿನಂತಹ ಒಂದೇ ಕೊಳವೆಯಿಂದ ಹೊರಡುವುದು ಮತ್ತೊಂದು, ಅದಕ್ಕೆ ಟ್ಯಾಂಜೆನ್ಶಿಯಲ್ ಎಂದು ಹೆಸರು. ಈ ಕೊನೆಯ ಬಗೆಯಲ್ಲಿ ಗಾಳಿಯನ್ನು ಮನೆಯ ಹೊರಕ್ಕೆ ಸಾಗಿಸುವುದು ಸುಲಭವಾದುದರಿಂದ ದೊಡ್ಡ ಸ್ಥಿರಯಂತ್ರಗಳಿಗೆ ಅದನ್ನೇ ಹೆಚ್ಚಾಗಿ ಆರಿಸುವರು. ಬೆಲೆ ಹೆಚ್ಚಾದರೂ, ಗೋಡೆಯಲ್ಲಿ ಕೊಳವೆ ಹೂಳಿ ಎಷ್ಟೋ ವರ್ಷ ನಡೆಯಬೇಕಾದ ಯಂತ್ರಕ್ಕೆ ಬೈಪಾಸ್ ಮೋಟಾರೇ ತಕ್ಕದ್ದೆಂದು ನನಗೆ ತೋರುತ್ತದೆ. ಕೊಳೆಯನ್ನು ಎಲ್ಲಿ ತಡೆಯಬೇಕು, ಗಾಳಿಯನ್ನು ಎಲ್ಲಿ ಬಿಡಬೇಕು ಎಂದು ಕೆಂಪು ಗಾಡಿಯನ್ನು ಕಟ್ಟುವಾಗ ಬೂತನು ಬಿಡಿಸಬೇಕಾಗಿದ್ದ ಸಮಸ್ಯೆಯೂ ಇದೇ ತಾನೆ.

ಅವನ ಜೀವಿತಕ್ಕೆ ಮರಳೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಮಹಾಮಂದಿರದಲ್ಲಿ ನೌಕಾಪಡೆಯ ಸಾವಿರಾರು ಜನರು ಬೀಡುಬಿಟ್ಟಿದ್ದರು. ಅವರಲ್ಲಿ ಮಿದುಳಿನ ಪೊರೆಗೆ ಬಾವು ತರುವ ಘೋರ ಜ್ವರವೊಂದು ಹಬ್ಬಿತು. ಹಾಸಿಗೆಗಳನ್ನು ಹತ್ತಿರ ಹತ್ತಿರ ಹಾಸಿಕೊಂಡು ಮಲಗುವ ಆ ಸ್ಥಳದಲ್ಲಿ ಏನು ಮಾಡಿದರೂ ರೋಗ ತಗ್ಗಲಿಲ್ಲ. ಆಗ ಬೂತನ ಯಂತ್ರಗಳನ್ನು ತರಿಸಿದರು. ವರ್ಷಗಟ್ಟಲೆ ಕಟ್ಟಡದ ತೊಲೆಗಳಲ್ಲಿಯೂ ಮೊಗಸಾಲೆಗಳಲ್ಲಿಯೂ ಕೂತಿದ್ದ ಧೂಳನ್ನು ಹೀರಿ ತೆಗೆದಾಗ ಅದು ೨೬ ಟನ್ನಾಯಿತೆಂದು ಹೇಳುತ್ತಾರೆ. ರೋಗವು ಇದರಿಂದಲೇ ನಿಂತಿತೆಂದು ಆಗ ಕೊಂಡಾಡಿದರು. ಆ ಜ್ವರವು ಮುಖ್ಯವಾಗಿ ರೋಗಿಯ ಮೂಗು ಗಂಟಲುಗಳಿಂದ ಸಿಡಿಯುವ ಹನಿಗಳ ಮೂಲಕ, ಇಕ್ಕಟ್ಟಾಗಿ ಬಾಳುವವರಲ್ಲಿ ಹರಡುತ್ತದೆಂದು ಇಂದು ನಮಗೆ ತಿಳಿದಿದೆ. ಆದುದರಿಂದ ಪೂರ್ತಿ ಶ್ರೇಯಸ್ಸನ್ನು ಯಂತ್ರಕ್ಕೆ ಸಲ್ಲಿಸಲಾಗದು. ಅಷ್ಟು ಧೂಳಿನ ಕೆಳಗೆ ಮಲಗುತ್ತಿದ್ದ ತರುಣರ ಉಸಿರು ಸ್ವಲ್ಪ ಹಗುರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಬೂತನು ಧೂಳಿನ ಯಂತ್ರದೊಡನೆ ಇಂಜಿನಿಯರಿಂಗಿನ ಇತರ ಕೆಲಸಗಳನ್ನೂ ಬಿಡಲಿಲ್ಲ. ಸ್ಕಾಟ್ಲೆಂಡಿನ ಎಟಿವ್ ಎಂಬ ಕಡಲಹಿನ್ನೀರಿಗೆ ಅಡ್ಡವಾಗಿ ಕಟ್ಟಿ ೧೯೦೩ರಲ್ಲಿ ತೆರೆದ ಕಾನೆಲ್ ಉಕ್ಕಿನ ಸೇತುವೆಯ ನಿರ್ಮಾಣದಲ್ಲಿ ಅವನೂ ಇದ್ದನು. ಅವನ ಕಂಪೆನಿಯು ತಾನೂ ಗಾಬ್ಲಿನ್ ಎಂಬ ಹೆಸರಿನಲ್ಲಿ ಮನೆಬಳಕೆಯ ಚಿಕ್ಕ ಯಂತ್ರಗಳನ್ನು ಮಾರಿತು. ವೃದ್ಧಾಪ್ಯದಲ್ಲಿ ಅವನು ತನ್ನ ಯಂತ್ರವು ಹುಟ್ಟಿದ ಬಗೆಯನ್ನು ತಾನೇ ಬರೆದಿಟ್ಟನು. ಮಖಮಲ್ಲಿನ ಕುರ್ಚಿಯ ಪ್ರಸಂಗವು ನಮಗೆ ತಿಳಿದುದು ಅವನ ಬರಹದಿಂದಲೇ.

೧೯೫೫ನೆಯ ಇಸವಿ ಜನವರಿ ೧೪ರಂದು, ತನ್ನ ೮೩ನೆಯ ವಯಸ್ಸಿನಲ್ಲಿ, ಲಂಡನ್ನಿಗೆ ದಕ್ಷಿಣದಲ್ಲಿರುವ ಕ್ರಾಯ್ಡನ್ನಿನಲ್ಲಿ ಬೂತನು ತೀರಿಕೊಂಡನು. ಅವನು ಮಾಡಿದ ಮೊದಮೊದಲ ಯಂತ್ರಗಳಲ್ಲಿ ಒಂದು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ವಿಯೆನ್ನಾದ ಮಹಾಚಕ್ರವು ೧೯೪೪ರಲ್ಲಿ ಯುದ್ಧದ ಬೆಂಕಿಗೆ ಸಿಕ್ಕಿ ಸುಟ್ಟಿತು. ಮತ್ತೆ ಕಟ್ಟುವಾಗ ಅದರ ಮೂವತ್ತು ತೊಟ್ಟಿಲುಗಳ ಸ್ಥಾನದಲ್ಲಿ ಹದಿನೈದನ್ನು ಮಾತ್ರ ತೂಗಹಾಕಿದರು. ಸುಮಾರು ೬೫ ಮೀಟರ್ ಎತ್ತರದ ಆ ಚಕ್ರವು ಇಂದಿಗೂ ತಿರುಗುತ್ತಿದೆ.